ಮಾಡಿದೆನು, ಮಾಡಿಸಿದೆನು, ಮಾಡಿದೆವು

ಉದ್ಯೋಗವನ್ನು ಅರಸುವಾತನು ತನ್ನನ್ನು ಕುರಿತು ತಾನೇ ಬರೆದು ಒಪ್ಪಿಸುವ ಒಂದೆರಡು ಪುಟಗಳ ಬರಹಕ್ಕೆ ರೆಸ್ಯೂಮೆ ಎಂದು ಹೆಸರು. ನಮ್ಮವರು ಅದನ್ನು ಬಯೋಡೇಟಾ ಎಂದೂ ಕರೆಯುವುದುಂಟು. ಕನ್ನಡದಲ್ಲಿ ಸ್ವವಿವರ ಪತ್ರವೆಂದರೆ ಸಾಕು. ಕಥೆ, ಕವಿತೆ, ಪ್ರವಾಸದ ನೆನಪುಗಳಿಗೆ ಮೀಸಲಾದ ವಾರ್ಷಿಕ ಸಂಚಿಕೆಯಲ್ಲಿ ಇಂತಹ ಒಣ ವಿಷಯವೇಕೆ ಎಂದು ವಿದ್ಯಾರ್ಥಿಗಳು ಹುಬ್ಬೇರಿಸಬಹುದು. ಕವಿತೆ ಬರೆಯದೆ ಬದುಕಬಹುದು. ಪ್ರವಾಸಕಥನ ಬರೆಯದೆಯೂ ಬದುಕಬಹುದು. ಆದರೆ ಇನ್ನು ಐದಾರು ವರ್ಷಗಳಲ್ಲಿ ನಿಮ್ಮಲ್ಲಿ ಬಹುಮಂದಿ ಬರೆಯದೆ ವಿಧಿಯಿಲ್ಲದ ಗದ್ಯ ಇದೊಂದೇ ಆಗಿರುವುದು. ಯಾವ ತರಗತಿಯಲ್ಲಿಯೂ ಯಾರೂ ಕಲಿಸದ ಗದ್ಯವೂ ಇದೇ.

ಇದರಲ್ಲಿಯೂ ನಾನು ಯೋಜನಾ ನಿರ್ವಹಣೆಯ ಉದ್ಯೋಗಕ್ಕಾಗಿ ಬರೆಯುವ ಸ್ವವಿವರವನ್ನೇ ಮುಖ್ಯವಾಗಿ ಎತ್ತಿಕೊಂಡಿದ್ದೇನೆ. ಹೆಸರು ಹೊಸದಾಗಿ ಕೇಳಿದರೂ ಕಸುಬು ಹಳೆಯದು. ಆರಂಭವೂ ಅಂತ್ಯವೂ ಉಳ್ಳ, ಕಾಲಕ್ಕೂ ಹಣಕ್ಕೂ ಮಿತಿಯುಳ್ಳ ಒಂದು ಕಾರ್ಯವನ್ನು ಹಲವರ ಕೈಯಿಂದ ಮಾಡಿಸಿ ಮುಗಿಸುವುದೇ ಯೋಜನಾ ನಿರ್ವಹಣೆ. ಸೇತುವೆ ಕಟ್ಟುವವರಿಗೆ ಇದು ಬೇಕು. ಆಸ್ಪತ್ರೆ ತೆರೆಯುವವರಿಗೆ ಬೇಕು. ಗಣಕಯಂತ್ರದ ತಂತ್ರಾಂಶಗಳನ್ನು ಸಿದ್ಧಪಡಿಸುವ ಕಂಪೆನಿಗಳಿಗಂತೂ ದಿನ ಬೆಳಗಾದರೆ ಬೇಕು. ಈ ಉದ್ಯೋಗದಲ್ಲಿ ವ್ಯಕ್ತಿಯ ಬೆಲೆಯು ಅವನು ಓದಿದ್ದರಲ್ಲಿ ಅಷ್ಟಾಗಿ ಇರದೆ ಅವನು ಮುಗಿಸಿದ್ದರಲ್ಲಿ ಇರುವುದರಿಂದ, ಸ್ವವಿವರದ ಒಂದೊಂದು ವಾಕ್ಯವೂ ಇಲ್ಲಿ ಸಾಕ್ಷಿ ಹೇಳಬೇಕಾಗುತ್ತದೆ.

ಈ ಮಾತುಗಳನ್ನು ನಾನು ಬರೆಯುತ್ತಿರುವುದು ದೆಹಲಿಯ ಓಲ್ಡ್ ರಾಜಿಂದರ್ ನಗರವನ್ನು ಕಣ್ಣೆದುರಿಗಿಟ್ಟುಕೊಂಡು. ಕರೋಲ್ ಬಾಗಿಗೆ ಅಂಟಿಕೊಂಡಿರುವ ಈ ಬಡಾವಣೆ ನಿರಾಶ್ರಿತರ ಊರಾಗಿ ಹುಟ್ಟಿತು. 1947ರ ವಿಭಜನೆಯ ಬಳಿಕ ಪಶ್ಚಿಮ ಪಂಜಾಬಿನಿಂದ ಉಟ್ಟ ಬಟ್ಟೆಯಲ್ಲಿ ಬಂದವರಿಗೆ ಇಲ್ಲಿ ನೆಲೆ ದೊರೆಯಿತು; ನಮ್ಮ ಮೊದಲ ರಾಷ್ಟ್ರಪತಿಗಳಾದ ರಾಜೇಂದ್ರ ಪ್ರಸಾದರ ಹೆಸರನ್ನು ಬಡಾವಣೆಗೆ ಇಟ್ಟರು. ಅಂದು ನಿರಾಶ್ರಿತರಾಗಿ ಬಂದವರು ಬಿಟ್ಟುಬಂದ ಮನೆಯೆಷ್ಟು, ಹೊಲವೆಷ್ಟು ಎಂದು ಸರ್ಕಾರಕ್ಕೆ ಬರೆದು ಒಪ್ಪಿಸಬೇಕಾಗಿತ್ತು; ಅದಕ್ಕಾಗಿಯೇ 1950ರಲ್ಲಿ ಒಂದು ಕಾಯಿದೆಯೂ ಬಂದಿತು. ಕಳೆದುಕೊಂಡುದನ್ನು ಕಾಗದದ ಮೇಲೆ ನಿರೂಪಿಸುವ ಕಷ್ಟವನ್ನು ಅವರು ಪಟ್ಟರು. ಇಂದು ಅದೇ ಗಲ್ಲಿಗಳ ಕಿರಿದಾದ ಕೋಣೆಗಳಲ್ಲಿ ದೇಶದ ನಾನಾ ಭಾಗಗಳ ತರುಣ ತರುಣಿಯರು ಕೇಂದ್ರ ಲೋಕಸೇವಾ ಆಯೋಗದ ಪರೀಕ್ಷೆಗಾಗಿ ಓದುತ್ತಿದ್ದಾರೆ. ಅವರ ನಡುವೆ ಬೀದರ್, ರಾಯಚೂರು, ಹಾವೇರಿ, ಚಾಮರಾಜನಗರದ ಮಾತೂ ಕಿವಿಗೆ ಬೀಳುತ್ತದೆ.

ಲೆಕ್ಕವನ್ನು ಸ್ವಲ್ಪ ನೋಡೋಣ. 2023ನೆಯ ಇಸವಿಯ ನಾಗರಿಕ ಸೇವಾ ಪರೀಕ್ಷೆಗೆ ಅರ್ಜಿ ಹಾಕಿದವರು 10,16,850 ಮಂದಿ. ಪರೀಕ್ಷೆಗೆ ಕುಳಿತವರು 5,92,141. ಪ್ರಧಾನ ಪರೀಕ್ಷೆಗೆ ಅರ್ಹರಾದವರು 14,624. ಸಂದರ್ಶನದ ಬಾಗಿಲಿನವರೆಗೆ ಬಂದವರು 2,855. ಕೊನೆಗೆ ಆಯ್ಕೆಯಾದವರು 1,016. ಈ ಕೊನೆಯ ಅಂಕಿಯನ್ನು ಪತ್ರಿಕೆಗಳು ಮುಖಪುಟದಲ್ಲಿ ಅಚ್ಚುಹಾಕುತ್ತವೆ. ನನ್ನ ಚಿಂತೆ ಉಳಿದವರನ್ನು ಕುರಿತದ್ದು. ಸಾಮಾನ್ಯ ವರ್ಗದವರಿಗೆ 32 ವರ್ಷದವರೆಗೆ ಆರು ಅವಕಾಶಗಳಿವೆ. ಇತರ ವರ್ಗಗಳವರಿಗೆ ಇನ್ನೂ ಹೆಚ್ಚು. ಆರು ವರ್ಷ ಓದಿ, ಇಪ್ಪತ್ತೆಂಟರಲ್ಲಿಯೋ ಮೂವತ್ತರಲ್ಲಿಯೋ ಟ್ರಂಕನ್ನು ಮುಚ್ಚಿ ಎದ್ದು ನಿಲ್ಲುವ ತರುಣನು ಅಂದಿನ ರಾತ್ರಿ ಮೊತ್ತಮೊದಲಿಗೆ ಬರೆಯಬೇಕಾದುದು ಸ್ವವಿವರ ಪತ್ರವನ್ನೇ. ದೇಶದ ಇತಿಹಾಸವನ್ನು ಇಪ್ಪತ್ತು ಪುಟ ಬರೆಯಬಲ್ಲವನು ತನ್ನ ಇತಿಹಾಸವನ್ನು ಅರ್ಧ ಪುಟ ಬರೆಯಲಾರದೆ ಕುಳಿತುಬಿಡುತ್ತಾನೆ.

ಹಾಗೆ ಕುಳಿತ ಒಬ್ಬ ತರುಣನ ಕಾಗದವನ್ನು ನಾನು ನೋಡಿದ್ದೇನೆ. ಉತ್ತರ ಕರ್ನಾಟಕದ ಒಂದು ಹಳ್ಳಿಯಿಂದ ಬಂದವನು, ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮ, ಮುಂದೆ ಎಂಜಿನಿಯರಿಂಗ್. ಪದವಿಯ ವರ್ಷದ ಕೆಳಗೆ ಐದು ವರ್ಷಗಳ ಖಾಲಿ ಜಾಗ. ಆ ಖಾಲಿ ಜಾಗವನ್ನು ಮುಚ್ಚುವುದಕ್ಕಾಗಿ ಮೇಲ್ಗಡೆ ನಾಲ್ಕು ವಿಶೇಷಣಗಳು: ಕಠಿಣ ಪರಿಶ್ರಮಿ, ಉತ್ತಮ ನಾಯಕ, ತಂಡದಲ್ಲಿ ಬೆರೆಯುವವನು, ಬೇಗ ಕಲಿಯುವವನು. ಯಾವುದೋ ಒಂದು ಅಂಗಡಿಯಲ್ಲಿ ಎಲ್ಲರಿಗೂ ಮಾರುವ ಅಂಗಿಯಂತೆ ಈ ವಿಶೇಷಣಗಳು ಯಾರ ಮೈಗೂ ಸಡಿಲವಾಗಿಯೇ ಇರುತ್ತವೆ. ಐದು ವರ್ಷ ಏನು ಮಾಡಿದೆಯಪ್ಪ ಎಂದು ಕೇಳಿದಾಗ "ಏನೂ ಇಲ್ಲ, ಓದಿದೆ" ಎಂದನು. ಊಟಕ್ಕೆ ಏನು ಮಾಡುತ್ತಿದ್ದೆ ಎಂದು ಕೇಳಿದೆ. ಆಗ ಹೊರಬಿದ್ದದ್ದು ಇಷ್ಟು: ಹೊರಗಿನ ಊಟ ಒಗ್ಗದ ಇಪ್ಪತ್ತೆರಡು ಕನ್ನಡದ ಹುಡುಗರು ಸೇರಿ ಒಂದು ಅಡುಗೆಮನೆಯನ್ನು ನಡೆಸಿದ್ದರು. ಹದಿನಾಲ್ಕು ತಿಂಗಳು ಅದರ ಲೆಕ್ಕ, ಖರೀದಿ, ಅಡುಗೆಯವನ ಸಂಬಳ, ರಜೆಯಲ್ಲಿ ಊರಿಗೆ ಹೋದವರ ಪಾಲಿನ ಕಡಿತ ಎಲ್ಲವನ್ನೂ ಇವನೇ ನೋಡಿಕೊಂಡಿದ್ದನು. ಅಡುಗೆಯವನು ಹೇಳದೆ ಬಿಟ್ಟುಹೋದ ವಾರದಲ್ಲಿ ಸರದಿಯ ಪಟ್ಟಿ ಮಾಡಿ ಹುಡುಗರಿಂದಲೇ ಅಡುಗೆ ಮಾಡಿಸಿದ್ದನು. ಒಂದು ಹೊತ್ತೂ ಊಟ ತಪ್ಪಲಿಲ್ಲವಂತೆ. ಇದನ್ನು ಬರೆಯಲು ಅವನಿಗೆ ನಾಚಿಕೆ! ಇಪ್ಪತ್ತೆರಡು ಹಸಿದ ಹೊಟ್ಟೆಗಳನ್ನು ಗಡಿಯಾರಕ್ಕೆ ಸರಿಯಾಗಿ ತುಂಬಿಸಿದವನಿಗಿಂತ ಬೇರೆ ಯೋಜನಾ ನಿರ್ವಾಹಕ ಬೇಕೇ?

ಇಲ್ಲಿಯೇ ನನ್ನ ಮುಖ್ಯ ಅಭಿಪ್ರಾಯವನ್ನು ಹೇಳಿಬಿಡುತ್ತೇನೆ. ಸ್ವವಿವರ ಪತ್ರವನ್ನು ಮೊದಲು ಕನ್ನಡದಲ್ಲಿ ಬರೆಯಬೇಕು. ದೆಹಲಿಯ ಕಂಪೆನಿ ಕೇಳುವುದು ಇಂಗ್ಲಿಷಿನಲ್ಲಿ ಎಂಬುದು ನಿಜ. ಕೊನೆಗೆ ಒಪ್ಪಿಸುವುದೂ ಇಂಗ್ಲಿಷಿನಲ್ಲಿಯೇ. ಆದರೂ ಮೊದಲ ಕರಡು ಕನ್ನಡದಲ್ಲಿಯೇ ಇರಲಿ. ಇದು ಭಾಷಾಭಿಮಾನದಿಂದ ಹುಟ್ಟಿದ ಮಾತೆಂದು ಭಾವಿಸಬಾರದು. ವ್ಯಾಕರಣದಿಂದ ಹುಟ್ಟಿದ ಮಾತು. ಇಂಗ್ಲಿಷಿನ ಸ್ವವಿವರಗಳಲ್ಲಿ ಕರ್ತೃಪದವನ್ನು ಬಿಟ್ಟು ಕ್ರಿಯಾಪದದಿಂದಲೇ ವಾಕ್ಯವನ್ನು ತೊಡಗುವುದು ರೂಢಿ. 'ಮ್ಯಾನೇಜ್ಡ್' ಎನ್ನುತ್ತಾರೆ, 'ಡೆಲಿವರ್ಡ್' ಎನ್ನುತ್ತಾರೆ. ಮಾಡಿದವನು ನಾನೋ, ನಾವು ಹತ್ತು ಜನರೋ, ನಾನು ನಿಂತು ಮಾಡಿಸಿದ್ದೋ, ಯಾರೋ ಮಾಡುವಾಗ ಪಕ್ಕದ ಕುರ್ಚಿಯಲ್ಲಿ ಕುಳಿತಿದ್ದೆನೋ, ಆ ಒಂದು ಪದದಿಂದ ತಿಳಿಯದು. ಕನ್ನಡದ ಕ್ರಿಯಾಪದ ಈ ಮರೆಗೆ ಜಾಗ ಕೊಡುವುದಿಲ್ಲ. ಮಾಡಿದೆನು ಎಂದರೆ ನನ್ನ ಕೈಯ ಕೆಲಸ. ಮಾಡಿದೆವು ಎಂದರೆ ಕೂಡಿ ಮಾಡಿದ್ದು. ಮಾಡಿಸಿದೆನು ಎಂದರೆ ಇತರರಿಂದ ಮಾಡಿಸಿ ಅದರ ಹೊಣೆ ಹೊತ್ತದ್ದು. ಪ್ರೇರಣಾರ್ಥಕ ಪ್ರತ್ಯಯವನ್ನು ನೀವು ಎಂಟನೆಯ ತರಗತಿಯಲ್ಲಿ ಅಂಕಗಳಿಗಾಗಿ ಉರುಹೊಡೆಯುತ್ತೀರಿ. ಯೋಜನಾ ನಿರ್ವಹಣೆಯೆಂಬ ಉದ್ಯೋಗವೆಲ್ಲವೂ ಆ ಒಂದು 'ಇಸು' ಪ್ರತ್ಯಯದಲ್ಲಿ ಅಡಗಿದೆ. ಇನ್ನು 'ಮಾಡಲಾಯಿತು' ಎಂಬ ರೂಪವುಂಟು. ಅದರಲ್ಲಿ ಮಾಡಿದವನೇ ಮಾಯವಾಗುತ್ತಾನೆ. ಸರ್ಕಾರಿ ವರದಿಗಳಿಗೆ ಅದು ಬಲು ಪ್ರಿಯ. ಸ್ವವಿವರದಲ್ಲಿ ಅದು ಬಂದ ಕಡೆಯೆಲ್ಲ ಕೆಂಪು ಶಾಯಿಯಿಂದ ಗೆರೆ ಎಳೆಯಿರಿ.

ನಮ್ಮ ಹಿರಿಯರು ಈ ಲೆಕ್ಕದಲ್ಲಿ ಬಹಳ ಕಟ್ಟುನಿಟ್ಟಾಗಿದ್ದರು. ಶ್ರವಣಬೆಳಗೊಳದ ಗೊಮ್ಮಟನ ಪಾದಗಳ ಬಳಿ ಇರುವ ಕಿರಿಯ ಶಾಸನಗಳನ್ನು ಪ್ರವಾಸಕ್ಕೆ ಹೋದವರು ಕಂಡಿರಬಹುದು. ಹತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಆ ಮೂರ್ತಿಯನ್ನು ನಿಲ್ಲಿಸಿದ ಚಾವುಂಡರಾಯನು ತಾನು ಅದನ್ನು 'ಮಾಡಿಸಿದ'ವನೆಂದು ಬರೆಯಿಸಿದ್ದಾನೆಯೇ ಹೊರತು ಮಾಡಿದವನೆಂದಲ್ಲ. ಹನ್ನೆರಡನೆಯ ಶತಮಾನದಲ್ಲಿ ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜನು ಅದೇ ಜಾಗದಲ್ಲಿ ತನ್ನ ಹೆಸರನ್ನೂ ಬರೆಯಿಸಿದನು. ಆದರೆ ತಾನು ಮಾಡಿಸಿದ್ದು ಸುತ್ತಾಲಯವನ್ನು ಮಾತ್ರ ಎಂದು ಸ್ಪಷ್ಟಪಡಿಸಿದನು. ಅಷ್ಟು ಎತ್ತರದ ಮೂರ್ತಿಯ ಪಾದದಡಿಯಲ್ಲಿ ನಿಂತು ಸುತ್ತಲಿನ ಕಟ್ಟಡವಷ್ಟೇ ನನ್ನದು ಎಂದು ಹೇಳುವುದಕ್ಕೆ ಎಂತಹ ನಿಷ್ಠುರತೆ ಬೇಕು! ಮಾಡಿದವರೂ ಹೆಸರು ಬಿಡಲಿಲ್ಲವೆನ್ನಿ. ಹೊಯ್ಸಳ ಶಿಲ್ಪಿ ಮಲ್ಲಿತಮ್ಮನ ಹೆಸರು ಸೋಮನಾಥಪುರದಲ್ಲಿ ಕಾಣುವುದು ಅವನು ಕಡೆದ ವಿಗ್ರಹಗಳ ಪೀಠದಲ್ಲಿ. ಇಡೀ ಗುಡಿಯ ಹೆಬ್ಬಾಗಿಲಿನ ಮೇಲಲ್ಲ. ಯಾರ ಪಾಲು ಎಷ್ಟೋ ಅಷ್ಟಕ್ಕೆ ಅವರ ಹೆಸರು.

ಈಗ ಓಲ್ಡ್ ರಾಜಿಂದರ್ ನಗರದ ಗೋಡೆಗಳನ್ನು ನೋಡಿರಿ. ತರಬೇತಿ ಸಂಸ್ಥೆಗಳು ಮೊದಲ ಸ್ಥಾನ ಗಳಿಸಿದವರ ಭಾವಚಿತ್ರಗಳನ್ನು ಮನೆಯೆತ್ತರ ತೂಗುಹಾಕುತ್ತವೆ. ಒಂದೇ ಮುಖ ನಾಲ್ಕು ಸಂಸ್ಥೆಗಳ ಗೋಡೆಯ ಮೇಲೆ ನಗುತ್ತಿರುವುದೂ ಉಂಟು. ಪೂರ್ಣ ತರಬೇತಿಗೆ ಸೇರದೆ, ಕೊನೆಯ ಹಂತದ ಸಂದರ್ಶನದ ಅಭ್ಯಾಸಕ್ಕೆ ಮಾತ್ರ ಬಂದವರನ್ನೂ ತಮ್ಮ ವಿದ್ಯಾರ್ಥಿಗಳೆಂದು ಸಾರಿದ ಹಲವು ಸಂಸ್ಥೆಗಳಿಗೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ದಂಡ ವಿಧಿಸಿದೆ. 2024ರ ನವೆಂಬರಿನಲ್ಲಿ ಇಂತಹ ಜಾಹೀರಾತುಗಳನ್ನು ತಡೆಯಲು ಮಾರ್ಗಸೂಚಿಗಳನ್ನೂ ಹೊರಡಿಸಿದೆ. ಜಾಹೀರಾತು ಒಂದು ಸಂಸ್ಥೆಯ ಸ್ವವಿವರ ಪತ್ರವಲ್ಲದೆ ಮತ್ತೇನು? ಎರಡು ವಾರದ ಅಭ್ಯಾಸವನ್ನು 'ನಾವು ತಯಾರಿಸಿದೆವು' ಎಂದು ಬರೆಯುವ ಗೋಡೆಯ ಕೆಳಗೆ ವರ್ಷಗಟ್ಟಲೆ ಓಡಾಡಿದ ತರುಣನು, ತಾನೂ ಎರಡು ವಾರ ಕಂಡ ಕೆಲಸವನ್ನು ಎರಡು ವರ್ಷವೆಂದು ಬರೆದರೆ ಆಶ್ಚರ್ಯಪಡಬೇಕಾಗಿಲ್ಲ. ಆದರೆ ಕ್ಷಮಿಸಬೇಕಾಗಿಯೂ ಇಲ್ಲ.

ಏಕೆಂದರೆ ಈ ಕಸುಬಿನಲ್ಲಿ ಕಾಗದಕ್ಕೂ ನೆಲಕ್ಕೂ ಅಂತರ ಬಿದ್ದರೆ ಏನಾಗುವುದೆಂಬುದನ್ನು ಇದೇ ಬಡಾವಣೆ ಕಂಡಿದೆ. 2024ರ ಜುಲೈ 27ರ ಸಂಜೆ ಸುರಿದ ಮಳೆಯ ನೀರು ಇಲ್ಲಿನ ಒಂದು ತರಬೇತಿ ಸಂಸ್ಥೆಯ ನೆಲಮಾಳಿಗೆಗೆ ನುಗ್ಗಿ, ಅಲ್ಲಿನ ವಾಚನಾಲಯದಲ್ಲಿ ಓದುತ್ತಿದ್ದ ಮೂವರು ವಿದ್ಯಾರ್ಥಿಗಳು ಪ್ರಾಣ ಕಳೆದುಕೊಂಡರು. ಅನುಮತಿಯ ಕಾಗದದಲ್ಲಿ ಆ ನೆಲಮಾಳಿಗೆಯು ಸಾಮಾನು ಇಡುವ ಜಾಗವಾಗಿತ್ತು. ನೆಲದಲ್ಲಿ ಅದು ವಾಚನಾಲಯವಾಗಿತ್ತು. ನೀರು ಕಾಗದವನ್ನು ಓದಲಿಲ್ಲ. ನಾಳೆ ನೀವು ಒಂದು ಕಟ್ಟಡದ, ಒಂದು ಮೆಟ್ರೋ ಸುರಂಗದ, ಒಂದು ಆಸ್ಪತ್ರೆಯ ಯೋಜನೆಯನ್ನು ನೋಡಿಕೊಳ್ಳುವವರಾದರೆ ದಿನವೂ ಸಹಿ ಹಾಕುವುದು ಇಂತಹ ಕಾಗದಗಳಿಗೇ. ತನ್ನ ಬಗೆಗೆ ಬರೆಯುವ ಮೊದಲ ಕಾಗದದಲ್ಲಿಯೇ ಇಲ್ಲದ್ದನ್ನು ಇದೆಯೆಂದು ಬರೆದವನ ಕೈಗೆ ಅಂತಹ ಸಹಿಯ ಅಧಿಕಾರವನ್ನು ಕೊಡಲು ನಾನಾದರೋ ಹೆದರುತ್ತೇನೆ.

ಬರೆಯುವುದು ಹೇಗೆಂಬುದಕ್ಕೆ ಒಂದು ಮೇಲ್ಪಂಕ್ತಿಯನ್ನು ಹೇಳಬೇಕಾದರೆ ನನಗೆ ನೆನಪಾಗುವವರು ಇ. ಶ್ರೀಧರನ್. ಓಲ್ಡ್ ರಾಜಿಂದರ್ ನಗರದವರು ನಿತ್ಯವೂ ಏರುವ ಮೆಟ್ರೋ ರೈಲನ್ನು ಕಟ್ಟಿಸಿದವರು ಅವರೇ. 1964ರ ಡಿಸೆಂಬರಿನ ಚಂಡಮಾರುತದಲ್ಲಿ ರಾಮೇಶ್ವರದ ಪಾಂಬನ್ ಸೇತುವೆ ಕೊಚ್ಚಿಹೋದಾಗ ಅದನ್ನು ಆರು ತಿಂಗಳಲ್ಲಿ ಸರಿಪಡಿಸಬೇಕೆಂದು ರೈಲ್ವೆ ಇಲಾಖೆ ಹೇಳಿತು. ಮೇಲಧಿಕಾರಿ ಆ ಗಡುವನ್ನು ಮೂರು ತಿಂಗಳಿಗೆ ಇಳಿಸಿದರು. ಶ್ರೀಧರನ್ನರು 46 ದಿನಗಳಲ್ಲಿ ಮುಗಿಸಿದರು. ಮುಂದೆ 1990ರಿಂದ ಕೊಂಕಣ ರೈಲ್ವೆ. ರೋಹಾದಿಂದ ನಮ್ಮ ಮಂಗಳೂರಿನವರೆಗೆ ಸುಮಾರು 740 ಕಿಲೋಮೀಟರು. 1998ರ ಜನವರಿ 26ರಂದು ಇಡೀ ಮಾರ್ಗ ಸಂಚಾರಕ್ಕೆ ತೆರೆಯಿತು. ಬಳಿಕ ದೆಹಲಿ ಮೆಟ್ರೋ. ಅದರ 65 ಕಿಲೋಮೀಟರುಗಳ ಮೊದಲ ಹಂತ ನಿಗದಿಯಾದ ಕಾಲಕ್ಕಿಂತ ಸುಮಾರು ಎರಡು ಮುಕ್ಕಾಲು ವರ್ಷ ಮೊದಲೇ, 2005ರಲ್ಲಿ ಮುಗಿಯಿತು. ಇಷ್ಟನ್ನು ಬರೆಯುವಾಗ ನಾನು ಒಂದು ವಿಶೇಷಣವನ್ನೂ ಬಳಸಲಿಲ್ಲವೆಂಬುದನ್ನು ಗಮನಿಸಿರಿ. ಎಲ್ಲಿ, ಯಾವಾಗ, ಎಷ್ಟು, ಗಡುವು ಏನಿತ್ತು, ಮುಗಿದದ್ದು ಎಂದು. ದಕ್ಷ, ಧೀರ, ಕರ್ತವ್ಯನಿಷ್ಠ ಎಂಬ ಮಾತುಗಳೆಲ್ಲ ಓದುವವನ ಮನಸ್ಸಿನಲ್ಲಿ ತಾವಾಗಿಯೇ ಮೂಡಿದುವು. ಅವನ್ನು ಮೂಡಿಸುವ ಕೆಲಸವನ್ನು ಓದುವವನಿಗೇ ಬಿಟ್ಟುಕೊಡತಕ್ಕದ್ದು.

ಯಾರಿಗೆ ಬರೆಯುತ್ತೇವೆ ಎಂಬುದೂ ಮುಖ್ಯ. ಇಟಲಿಯ ಲಿಯೊನಾರ್ಡೊ ಡಾ ವಿಂಚಿ 1482ರ ಸುಮಾರಿಗೆ ಮಿಲಾನಿನ ಅಧಿಪತಿಗೆ ಕೆಲಸ ಕೇಳಿ ಬರೆದ ಪತ್ರವೊಂದರ ಕರಡು ಉಳಿದುಬಂದಿದೆ. ಅದರಲ್ಲಿ ಅವನು ಮೊದಲು ಹೇಳುವುದು ಹೊತ್ತೊಯ್ಯಬಹುದಾದ ಸೇತುವೆಗಳನ್ನು, ಕೋಟೆ ಮುತ್ತುವ ಉಪಾಯಗಳನ್ನು. ಚಿತ್ರ ಬರೆಯಬಲ್ಲೆನೆಂಬ ಮಾತು ಬರುವುದು ಕಟ್ಟಕಡೆಗೆ. ಯುದ್ಧದ ಚಿಂತೆಯಲ್ಲಿದ್ದ ದೊರೆಗೆ ಬೇಕಾದುದು ಸೇತುವೆಯೆಂದು ಅವನು ಬಲ್ಲವನಾಗಿದ್ದನು. ನಮ್ಮಲ್ಲಿಯಾದರೋ ಮದುವೆಗೆ ಕಳುಹಿಸಿದ ಬಯೋಡೇಟಾವನ್ನೇ ನೌಕರಿಗೂ ಕಳುಹಿಸುವ ಮಹನೀಯರಿದ್ದಾರೆ. ಎತ್ತರ, ಗೋತ್ರ, ತಂದೆಯ ಉದ್ಯೋಗ, ಒಡಹುಟ್ಟಿದವರ ಸಂಖ್ಯೆ! ಇವು ಯಾವುವೂ ಬೇಡ. ಮದುವೆಯಾಗಿದೆಯೇ ಇಲ್ಲವೇ ಎಂಬುದೂ ಬೇಡ. ಜಾಹೀರಾತನ್ನು ಎರಡು ಸಲ ಓದಿ, ಅವರು ವೇಳಾಪಟ್ಟಿ ಎಂದಿದ್ದರೆ ನೀವೂ ವೇಳಾಪಟ್ಟಿ ಎಂದೇ ಬರೆಯಿರಿ. ಈಗ ಅನೇಕ ಕಂಪೆನಿಗಳಲ್ಲಿ ಮೊದಲು ಓದುವುದು ಮನುಷ್ಯರಲ್ಲ, ಯಂತ್ರ. ಅದಕ್ಕೆ ಬಣ್ಣದ ಚೌಕಟ್ಟು, ಚಿತ್ರ, ಕೋಷ್ಟಕಗಳು ಗೊಂದಲವನ್ನುಂಟುಮಾಡುತ್ತವೆ. ಸರಳವಾದ ಒಂದು ಪುಟ ಹೊಸಬರಿಗೆ ಸಾಕು. ಇತ್ತೀಚಿನ ಕೆಲಸ ಮೇಲೆ, ಹಳೆಯದು ಕೆಳಗೆ. ಪ್ರಮಾಣಪತ್ರಗಳ ಮಾತು ಬಂದಾಗ: ಅಮೆರಿಕದಲ್ಲಿ 1969ರಲ್ಲಿ ಹುಟ್ಟಿದ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಇನ್‌ಸ್ಟಿಟ್ಯೂಟ್ ನಡೆಸುವ ಪಿ.ಎಂ.ಪಿ. ಪರೀಕ್ಷೆಗೆ ವರ್ಷಗಟ್ಟಲೆ ಅನುಭವ ಬೇಕು. ಆದರೆ ಅದೇ ಸಂಸ್ಥೆಯ ಸಿ.ಎ.ಪಿ.ಎಂ. ಎಂಬ ಮೊದಲ ಮೆಟ್ಟಿಲಿನ ಪರೀಕ್ಷೆಗೆ ಪ್ರೌಢಶಿಕ್ಷಣ ಮುಗಿಸಿ ಈ ವಿಷಯದಲ್ಲಿ 23 ಗಂಟೆಗಳ ಪಾಠ ಕೇಳಿದವರೂ ಕುಳಿತುಕೊಳ್ಳಬಹುದು. ದುಡ್ಡು ಹೆಚ್ಚು, ನಿಜ. ಕೈಯಲ್ಲಿಲ್ಲದವರು ಕೊರಗಬೇಕಾಗಿಲ್ಲ.

ಖಾಲಿ ವರ್ಷಗಳ ಪ್ರಶ್ನೆ ಉಳಿಯಿತು. ಪರೀಕ್ಷೆಗೆ ಓದಿದ ವರ್ಷಗಳನ್ನು ಮುಚ್ಚಿಡಬೇಕೆಂದು ಉಪದೇಶಿಸುವವರಿದ್ದಾರೆ. ಅದು ನನಗೆ ಒಪ್ಪಿಗೆಯಿಲ್ಲ. ಇಂತಹ ವರ್ಷದಿಂದ ಇಂತಹ ವರ್ಷದವರೆಗೆ ನಾಗರಿಕ ಸೇವಾ ಪರೀಕ್ಷೆಗೆ ಸಿದ್ಧತೆ, ಇಷ್ಟು ಸಲ ಪ್ರಧಾನ ಪರೀಕ್ಷೆ ಬರೆದೆನು ಎಂದು ಒಂದೇ ಸಾಲಿನಲ್ಲಿ ಬರೆದು, ಅದರ ಕೆಳಗೆ ಆ ಕಾಲದಲ್ಲಿ ಮಾಡಿದ, ಮಾಡಿಸಿದ ಕೆಲಸಗಳನ್ನು ಬರೆಯುವುದು ಸರಿಯಾದ ಮಾರ್ಗ. ಆಯೋಗವೇ ಈಗ ಇದನ್ನು ನಾಚಿಕೆಯ ಸಂಗತಿಯೆಂದು ಭಾವಿಸುತ್ತಿಲ್ಲ. ಸಂದರ್ಶನದವರೆಗೆ ಬಂದು ಆಯ್ಕೆಯಾಗದವರ ವಿವರಗಳನ್ನು, ಅವರ ಒಪ್ಪಿಗೆಯಿದ್ದರೆ ಉದ್ಯೋಗ ಕೊಡುವವರಿಗೆ ತಿಳಿಸುವ ವ್ಯವಸ್ಥೆಯನ್ನು ಅದು 2018ರಲ್ಲಿ ಆರಂಭಿಸಿತು; 2025ರಿಂದ ಅದಕ್ಕೆ ಪ್ರತಿಭಾ ಸೇತು ಎಂದು ಹೆಸರು. 2023ರ ಪರೀಕ್ಷೆಯ ಲೆಕ್ಕದಲ್ಲಿ ಹಾಗೆ ಬಾಗಿಲಿನವರೆಗೆ ಬಂದು ಹಿಂದಿರುಗಿದವರು 1,839 ಮಂದಿಯಾಗುತ್ತಾರೆ.

ಕನ್ನಡ ಮಾಧ್ಯಮದಲ್ಲಿ ಓದಿದೆನೆಂಬುದನ್ನೂ ಹಾಗೆಯೇ ಮರೆಮಾಡುವವರಿದ್ದಾರೆ. ಶಾಲೆಯ ಹೆಸರನ್ನು ಇಂಗ್ಲಿಷಿಗೆ ತಿರುಗಿಸಿ ಗುರುತು ಸಿಗದಂತೆ ಬರೆಯುವವರನ್ನೂ ಬಲ್ಲೆ. ಲೋಕಸೇವಾ ಆಯೋಗದ ಪ್ರಧಾನ ಪರೀಕ್ಷೆಯನ್ನೇ ಕನ್ನಡದಲ್ಲಿ ಬರೆಯಲು ಅವಕಾಶವಿರುವಾಗ ಒಂದು ಕಂಪೆನಿಯ ಗುಮಾಸ್ತನಿಗೆ ಹೆದರುವುದೇಕೆ? ಕರ್ನಾಟಕದ ಒಂದು ರಸ್ತೆಯ ಕೆಲಸವೋ ಒಂದು ಕುಡಿಯುವ ನೀರಿನ ಕೆಲಸವೋ ನಡೆಯುವಾಗ ಮೇಸ್ತ್ರಿಯೊಡನೆಯೂ ರೈತನೊಡನೆಯೂ ಮಾತನಾಡಬಲ್ಲವನು ಬೇಕಾಗುತ್ತಾನೆ. ಕನ್ನಡ, ಹಿಂದಿ, ಇಂಗ್ಲಿಷ್ ಮೂರನ್ನೂ ಬಲ್ಲೆನೆಂಬುದು ದೆಹಲಿಯ ಕನ್ನಡದ ಮಕ್ಕಳ ಸ್ವವಿವರದಲ್ಲಿ ಮೊದಲ ಹತ್ತು ಸಾಲುಗಳೊಳಗೆ ಇರತಕ್ಕ ಮಾತು.

ಈಗಲೇ ಬರೆಯಲು ನಿಮ್ಮಲ್ಲಿ ಏನಿದೆ ಎನ್ನುತ್ತೀರಿ. ಕಳೆದ ನವೆಂಬರ್ 1ರಂದು ಶಾಲೆಯಲ್ಲಿ ರಾಜ್ಯೋತ್ಸವ ನಡೆಯಿತಷ್ಟೆ. ಕುರ್ಚಿಗಳನ್ನು ತರಿಸಿದವರು ಯಾರು? ನಾಟಕದ ವೇಷಭೂಷಣಗಳನ್ನು ಲೆಕ್ಕ ಹಾಕಿ ಹಿಂದಿರುಗಿಸಿದವರು ಯಾರು? ಬಿಸಿಬೇಳೆಭಾತು ತಡವಾದಾಗ ಹಾಡಿನ ಸರದಿಯನ್ನು ಹಿಂದೆಮುಂದೆ ಮಾಡಿ ಸಭೆಯನ್ನು ಹಿಡಿದಿಟ್ಟವರು ಯಾರು? ಒಂದು ನೋಟುಪುಸ್ತಕ ತೆಗೆದುಕೊಂಡು ಪ್ರತಿ ತಿಂಗಳ ಕೊನೆಯಲ್ಲಿ ಇಂತಹವನ್ನು ದಿನಾಂಕ ಸಹಿತ ಬರೆದಿಡಿರಿ. ನಾಲ್ಕು ವರ್ಷ ಕಳೆದ ಮೇಲೆ ಕುರ್ಚಿಗಳ ಸಂಖ್ಯೆ ಯಾರಿಗೂ ನೆನಪಿರುವುದಿಲ್ಲ. ಬರೆಯುವಾಗ ಕ್ರಿಯಾಪದದ ಕೊನೆಯ ಅಕ್ಷರದ ಮೇಲೆ ಕಣ್ಣಿರಲಿ. ಬರೆದ ಪುಟವನ್ನು ಆ ದಿನ ನಿಮ್ಮೊಡನೆ ಕೆಲಸ ಮಾಡಿದ ಗೆಳೆಯನಿಗೆ ಕೊಟ್ಟು ಓದಿಸಿರಿ. ನೀವು 'ಮಾಡಿದೆನು' ಎಂದು ಬರೆದ ಕಡೆ ಅವನು 'ಮಾಡಿದೆವು' ಎಂದು ತಿದ್ದಿದರೆ ಜಗಳವಾಡದೆ ಹಾಗೆಯೇ ಬಿಡಿರಿ.